ಹುಲಿಕೆರೆಗೆ ಬರುವ ಕಾರುಗಳ ಚಕ್ರದೊಳಗೆ

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನ ಗುಡಿ ಸುತ್ತಿ, ಬಸದಿಹಳ್ಳಿಯ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು, ಬೇಲೂರಿನ ದಾರಿ ಹಿಡಿದುಬಿಡುತ್ತಾರೆ. ಹತ್ತಿರದ ಹುಲಿಕೆರೆಗೆ ಹೋಗುವವರು ಕಡಿಮೆ. ಹೋದವರಿಗೆ ಸಿಗುವುದು ಹೊಯ್ಸಳರ ಕಾಲದ ಕಲ್ಯಾಣಿ. ಮೆಟ್ಟಿಲ ಮೇಲೆ ಮೆಟ್ಟಿಲು ನೀರಿನತ್ತ ಇಳಿಯುತ್ತವೆ. ಸುತ್ತ ಪುಟ್ಟ ಪುಟ್ಟ ಗುಡಿಗೂಡುಗಳಿವೆ, ಅವಕ್ಕೆ ಅಳತೆಗೆ ತಕ್ಕ ಶಿಖರಗಳು. ಒಳಗಿನ ದೇವರು ಎಷ್ಟೋ ಕಡೆ ಇಲ್ಲ, ಕಲ್ಲಿನ ಕೆಲಸ ಮಾತ್ರ ಹಾಗೇ ಉಳಿದಿದೆ. ದೇಗುಲದ ಗಲಾಟೆಯಿಂದ ತಪ್ಪಿಸಿಕೊಂಡು ಅರ್ಧ ಗಂಟೆ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ನನಗೆ ಗೊತ್ತಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈ ಕಡೆ ಬರುವ ಕಾರುಗಳಲ್ಲಿ ಬೆಂಗಳೂರಿನವು, ಮಂಗಳೂರಿನವು ಬಹಳ. ಕಲ್ಯಾಣಿಯಿಂದ ಮೇಲೆ ಬಂದು ರಸ್ತೆ ಬದಿಯಲ್ಲಿ ನಿಂತ ಗಾಡಿಗಳ ಚಕ್ರ ನೋಡುತ್ತಾ ನಡೆದೆ. ಕಂಪನಿ ಕೊಟ್ಟ ರಿಮ್ ತೆಗೆಸಿ ಹೊರಗಿನ ಅಲಾಯ್ ಹಾಕಿಸಿದವು ಒಂದೆರಡಲ್ಲ. ಗಾಳಿ ಹಿಡಿಸುವ ವಾಲ್ವ್ ಕಡೆ ಕಣ್ಣು ಹಾಯಿಸಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಬುಡದಲ್ಲಿ ನಟ್ ಇರುವ ಲೋಹದ ವಾಲ್ವ್ ಕಂಡರೆ ಒಳಗೆ ಟೈರಿನ ಒತ್ತಡ ಅಳೆಯುವ ಸೆನ್ಸರ್ ಇರುವ ಸಾಧ್ಯತೆ ಹೆಚ್ಚು. ಬರೀ ಕಪ್ಪು ರಬ್ಬರಿನದಾದರೆ ಅನುಮಾನ. ರಬ್ಬರ್ ವಾಲ್ವಿನ ಸೆನ್ಸರುಗಳೂ ಇವೆ, ಆದ್ದರಿಂದ ಇದು ಅಂದಾಜು ಅಷ್ಟೇ.

ಅಂಥ ಕಪ್ಪು ವಾಲ್ವಿನ ಎಸ್‌ಯುವಿಯೊಂದರ ಪಕ್ಕ ಬೆಂಗಳೂರಿನ ಯುವಕನೊಬ್ಬ ಅಮ್ಮನನ್ನು ಹತ್ತಿಸುತ್ತಿದ್ದ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗತೊಡಗಿತು. ಅಡ್ಡ ಕೊಯ್ದ ಟೈರಿನ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಹಾಗೇ ಉರಿಯುತ್ತಾ ನಿಂತಿತು.

"ಅಲಾಯ್ ಹಾಕಿಸಿದ ದಿನದಿಂದ ಹಿಂಗೇ ಸಾರ್. ಏನೂ ಆಗಲ್ಲ, ಓಡಿಸಿ ಅಂದ್ರು ಅಂಗಡಿಯವರು."

ಈ ದೀಪದ ಭಾಷೆ ಬಹುತೇಕ ಗಾಡಿಗಳಲ್ಲಿ ಒಂದೇ. ಹೊತ್ತಿಕೊಂಡು ಸುಮ್ಮನೆ ಉರಿದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಮೊದಲು ಮಿನುಗಿ ಆಮೇಲೆ ಉರಿಯುತ್ತಾ ನಿಂತರೆ ವ್ಯವಸ್ಥೆಗೇ ಪೆಟ್ಟಾಗಿದೆ: ಸೆನ್ಸರ್ ಇಲ್ಲ, ಅಥವಾ ಅದು ಹೇಳುತ್ತಿರುವುದು ಗಾಡಿಗೆ ಕೇಳಿಸುತ್ತಿಲ್ಲ. ಇವನದು ಎರಡನೆಯದು. ಹಳೆಯ ನಾಲ್ಕು ಸೆನ್ಸರುಗಳೂ ಹಳೆಯ ರಿಮ್ಮಿನೊಳಗೇ ಇದ್ದವು, ಆ ರಿಮ್ಮುಗಳು ಬೆಂಗಳೂರಿನ ಮನೆಯ ಮಹಡಿ ಮೇಲೆ. ದೀಪ ಸದಾ ಉರಿಯುತ್ತಿದ್ದರೆ ನಿಜವಾಗಿ ಗಾಳಿ ಇಳಿದ ದಿನ ಅದು ಬೇರೆಯಾಗಿ ಉರಿಯುವುದಿಲ್ಲವಲ್ಲ. ನನ್ನ ಒತ್ತಾಯಕ್ಕೆ ಅವನು ಹಳೇಬೀಡಿನ ಟೈರ್ ಅಂಗಡಿಯೊಂದರವರೆಗೆ ನಿಧಾನಕ್ಕೆ ಗಾಡಿ ತಂದ.

ಅದು ಟ್ರ್ಯಾಕ್ಟರ್, ಗೂಡ್ಸ್ ಆಟೊ, ಅರಸೀಕೆರೆಗೆ ತೆಂಗಿನಕಾಯಿ ಸಾಗಿಸುವ ಲಾರಿಗಳನ್ನೇ ನಂಬಿಕೊಂಡ ಅಂಗಡಿ. ಬಾಗಿಲಲ್ಲಿ ಕಂಪ್ರೆಸರ್, ಒಳಗೆ ಟೈರ್ ಬಿಚ್ಚುವ ಯಂತ್ರ, ಗೋಡೆಗೆ ನೇತು ಹಾಕಿದ ಟ್ಯೂಬುಗಳು. ಅಂಗಡಿಯಣ್ಣ ನಾಲ್ಕೂ ಟೈರಿಗೆ ಗೇಜ್ ಇಟ್ಟ. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ 33 ಪಿಎಸ್‌ಐ ಎಂದಿತ್ತು. ಮೂರು ಟೈರು ಅದರ ಆಸುಪಾಸಿನಲ್ಲಿದ್ದವು. ಹಿಂದಿನ ಎಡಗಡೆಯದು 22! ರೇಡಿಯಲ್ ಟೈರು ಇಷ್ಟು ಇಳಿದಿದ್ದರೂ ಹೊರಗಿನಿಂದ ಸುಲಭಕ್ಕೆ ಗೊತ್ತಾಗುವುದಿಲ್ಲ, ಹೇಗಿದ್ದರೂ ಅದರ ಪಕ್ಕೆ ಸ್ವಲ್ಪ ಉಬ್ಬಿಯೇ ಕಾಣುತ್ತದೆ. ನೆಲ ತಾಗುವ ಪಟ್ಟಿಯ ನಡುವೆ ತಲೆ ಸವೆದ ಮೊಳೆ ಕೂತಿತ್ತು. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಹೆದ್ದಾರಿಯ ವೇಗದಲ್ಲಿ ಆ ಕಾವಿಗೇ ಪಕ್ಕೆ ಹರಿಯುತ್ತದೆ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವನು ರಾತ್ರಿ ಬೆಂಗಳೂರಿಗೆ ಹೊರಡುವವನಿದ್ದ.

ಅಂಗಡಿಯಣ್ಣ ಟೈರು ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕುವಾಗ ಪಕ್ಕದಲ್ಲೇ ಇನ್ನೊಂದು ಚಕ್ರ ಬಿಚ್ಚಿ ಬಿದ್ದಿತ್ತು. ಟ್ಯಾಕ್ಸಿಯೊಂದರದು, ಸೆನ್ಸರ್ ಇದ್ದದ್ದು. ಬಗ್ಗಿ ನೋಡಿದೆ. ವಾಲ್ವಿನ ಒಳಬುಡಕ್ಕೆ ಕಚ್ಚಿಕೊಂಡ ಹೆಬ್ಬೆರಳಿನಷ್ಟು ಕಪ್ಪು ಪೆಟ್ಟಿಗೆ, ಬೆನ್ನು ರಿಮ್ಮಿನ ತಗ್ಗಿಗೆ ಒರಗಿದೆ, ಮೈಮೇಲೆ ಸೂಜಿಮೊನೆಯಷ್ಟು ತೂತು. ಒತ್ತಡ ಅಳೆಯುವುದು ಆ ತೂತಿನಿಂದಲೇ. ಒಳಗೆ ಒತ್ತಡ ಮತ್ತು ಉಷ್ಣ ಅಳೆಯುವ ಚಿಪ್ಪು, ಚಕ್ರ ತಿರುಗುತ್ತಿದೆಯೇ ಎಂದು ಅರಿಯುವ ಇನ್ನೊಂದು, ಅರಗಿನಂಥ ಅಂಟಿನಲ್ಲಿ ಹುದುಗಿಸಿಟ್ಟ ಬ್ಯಾಟರಿ. ಗಾಡಿ ನಿಂತಾಗ ಅದು ಹೆಚ್ಚುಕಡಿಮೆ ಮಲಗಿರುತ್ತದೆ. ಚಕ್ರ ಉರುಳಿದಾಗ ಎದ್ದು ರೇಡಿಯೊ ಅಲೆಯಲ್ಲಿ ತನ್ನ ಗುರುತಿನ ಸಂಖ್ಯೆಯನ್ನೂ ಒತ್ತಡವನ್ನೂ ಕಳಿಸುತ್ತಿರುತ್ತದೆ. ಬ್ಯಾಟರಿ ಬದಲಾಯಿಸಲು ಬರುವುದಿಲ್ಲ. ಆಯಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ.

"ಬೀಡಿಂಗ್ ಬಿಡಿಸುವಾಗ ಇದಿರೋ ಕಡೆ ಒತ್ತಬಾರದು ಸಾರ್. ಒತ್ತಿದ್ರೆ ಟಕ್ ಅಂತ ಮುರಿದೇ ಹೋಯ್ತು" ಎಂದ ಅಂಗಡಿಯಣ್ಣ. ಅವನು ಯಾವ ಚಕ್ರ ಬಿಚ್ಚುವ ಮುಂಚೆಯೂ "ಸೆನ್ಸರ್ ಐತಾ?" ಎಂದು ಕೇಳುತ್ತಾನಂತೆ. ಈ ಒಂದು ಪ್ರಶ್ನೆ ಕೇಳುವ ಅಂಗಡಿಯನ್ನು ನಾನು ಎಷ್ಟೇ ದೊಡ್ಡ ಬೋರ್ಡಿನ ಅಂಗಡಿಗಿಂತಲೂ ಹೆಚ್ಚು ನಂಬುತ್ತೇನೆ.

ಟೈರಿನ ಗಾಳಿ ಗಮನಿಸಲು ಗಾಡಿಗಳಲ್ಲಿ ಎರಡು ಪದ್ಧತಿ ಇವೆ ಎನ್ನುವುದು ಅಲಾಯ್ ಕೊಳ್ಳುವವರಿಗೆ ಮೊದಲು ತಿಳಿದಿರಬೇಕು. ಒಂದು, ಈಗ ಹೇಳಿದ ನೇರ ಪದ್ಧತಿ. ಇನ್ನೊಂದರಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕುಗ್ಗಿ ಅದು ಉಳಿದವಕ್ಕಿಂತ ಬೇಗ ತಿರುಗುತ್ತದೆ, ಎಬಿಎಸ್ ಬ್ರೇಕಿನ ವೇಗಮಾಪಕಗಳು ಅದನ್ನು ಹಿಡಿಯುತ್ತವೆ. ಟಾಟಾ ಗಾಡಿಗಳಲ್ಲಿ ಐಟಿಪಿಎಂಎಸ್ ಎಂದು ಕಾಣುವುದು ಇದೇ. ಈ ಪದ್ಧತಿ ಇದ್ದರೆ ಹೊಸ ರಿಮ್ಮಿಗೆ ಏನೂ ಕೂರಿಸಬೇಕಿಲ್ಲ. ನಾಲ್ಕೂ ಟೈರು ಒಂದೇ ಅಳತೆಯವಾಗಿರಬೇಕು, ಸರಿಯಾಗಿ ಗಾಳಿ ಹಿಡಿಸಿ ರೀಸೆಟ್ ಮಾಡಬೇಕು. ಪರದೆ ಮೇಲೆ ಪ್ರತಿ ಟೈರಿನ ಪಿಎಸ್‌ಐ ಬೇರೆ ಬೇರೆಯಾಗಿ ಕಾಣುತ್ತಿದ್ದರೆ ನಿಮ್ಮದು ನೇರ ಪದ್ಧತಿ ಎಂದೇ ತಿಳಿಯಿರಿ.

ಅಲ್ಲಿಂದ ಮುಂದೆ ದಾರಿ ಎರಡು. ಹಳೆಯ ಸೆನ್ಸರಿಗೆ ಇನ್ನೂ ವಯಸ್ಸಾಗಿಲ್ಲದಿದ್ದರೆ ಅದನ್ನೇ ಬಿಚ್ಚಿ ಹೊಸ ರಿಮ್ಮಿಗೆ ಹಾಕಿಸುವುದು ಅಗ್ಗ. ಗುರುತಿನ ಸಂಖ್ಯೆ ಅದೇ ಆದ್ದರಿಂದ ಗಾಡಿ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಆದರೆ ಹೊಸ ರಿಮ್ಮಿನ ಒಳಮೈ ಅದಕ್ಕೆ ಒಗ್ಗಬೇಕು: ವಾಲ್ವಿನ ತೂತಿನ ಅಳತೆ, ಅದರ ಓರೆ, ಪೆಟ್ಟಿಗೆ ಕೂರಲು ಜಾಗ. ಕೆಲವು ಅಗ್ಗದ ಅಲಾಯ್‌ಗಳಲ್ಲಿ ಪೆಟ್ಟಿಗೆ ಅಂತರದಲ್ಲಿ ನೇತಾಡುತ್ತದೆ ಅಥವಾ ಟೈರಿನ ಅಂಚಿಗೆ ಎದುರಾಗುತ್ತದೆ. ದುಡ್ಡು ಕೊಡುವ ಮೊದಲೇ ಒಂದು ಸೆನ್ಸರ್ ಇಟ್ಟು ನೋಡಿಸಬೇಕು. ವಾಲ್ವಿನ ರಬ್ಬರ್ ವಾಷರ್ ಮತ್ತು ಒಳಗಿನ ಪಿನ್ ಹೊಸದೇ ಆಗಿರಬೇಕು. ಅಲ್ಯೂಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪದ ಪಿನ್ನೇ ಬೇಕು. ಹಿತ್ತಾಳೆಯದನ್ನು ಹಾಕಿದರೆ ಎರಡು ಲೋಹ ಒಂದನ್ನೊಂದು ತಿಂದು ಕಚ್ಚಿಕೊಳ್ಳುತ್ತವೆ, ಮುಂದೆ ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ. ಇಲ್ಲಿಯ ಮಳೆಗಾಲದ ಕೆಸರಿನಲ್ಲಿ ಓಡುವ ಗಾಡಿಗಳಿಗೆ ಇದು ಸಣ್ಣ ಮಾತಲ್ಲ. ನಟ್ಟನ್ನು ಸೆನ್ಸರ್ ತಯಾರಕರು ಹೇಳಿದ ಬಿಗಿಗಷ್ಟೇ ತಿರುಗಿಸಬೇಕು, ತೋಳಿನ ಬಲ ತೋರಿಸಬಾರದು.

ಇನ್ನೊಂದು ದಾರಿ ಹೊಸ ಸೆನ್ಸರ್, ಗಾಡಿಗೆ ಹೊಂದುವ ರೇಡಿಯೊ ಅಲೆಯದು. ಯುರೋಪಿನಲ್ಲೂ ನಮ್ಮಲ್ಲೂ ಸಾಮಾನ್ಯವಾಗಿ ಬಳಕೆಯಲ್ಲಿರುವುದು 433 ಮೆಗಾಹರ್ಟ್ಸ್, ಅಮೆರಿಕದ ಬಹಳಷ್ಟು ಗಾಡಿಗಳಲ್ಲಿ 315. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 315ರದ್ದು ತರಿಸಿದರೆ ಗಾಡಿಗೆ ಅದು ಕೇಳಿಸುವುದೇ ಇಲ್ಲ. ಆಮೇಲೆ ಹೊಸ ಸೆನ್ಸರಿನ ಗುರುತಿನ ಸಂಖ್ಯೆಯನ್ನು ಗಾಡಿಗೆ ಕಲಿಸಬೇಕು. ಕೆಲವು ಗಾಡಿಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಕಿಂಡಿಗೆ ಯಂತ್ರ ಜೋಡಿಸಬೇಕು. ಹಳೆಯ ಸಂಖ್ಯೆಯನ್ನೇ ಹೊಸ ಸೆನ್ಸರಿಗೆ ನಕಲು ಮಾಡುವ ಸಾಧನಗಳೂ ಇವೆ. ಹಳೇಬೀಡಿನ ಅಂಗಡಿಯಲ್ಲಿ ಆ ಯಂತ್ರ ಇರಲಿಲ್ಲ. ಹಾಗಾಗಿ ಈ ಕೆಲಸವನ್ನು ಚಕ್ರ ಹಾಕಿಸಿದ ದಿನವೇ, ಅದೇ ಅಂಗಡಿಯಲ್ಲಿ ಮುಗಿಸಿಕೊಂಡು ಹೊರಡಬೇಕು.

ಮೂರನೆಯದೊಂದು ಉಪಾಯವೂ ಓಡಾಡುತ್ತಿದೆ: ನಾಲ್ಕೂ ಸೆನ್ಸರುಗಳನ್ನು ಪಿವಿಸಿ ಪೈಪಿನೊಳಗೆ ಹಾಕಿ, ಬಾಯಿ ಮುಚ್ಚಿ, ಗಾಳಿ ತುಂಬಿ ಡಿಕ್ಕಿಯಲ್ಲಿ ಇಟ್ಟುಬಿಡುವುದು. ದೀಪ ಆರುತ್ತದೆ. ಪರದೆ ಸದಾ 33 ತೋರಿಸುತ್ತದೆ. ಟೈರು ಮೊಳೆ ಹೊಕ್ಕು ಇಳಿಯುತ್ತಿದ್ದರೂ 33! ಮನೆಮಂದಿಯನ್ನು ಕೂರಿಸಿಕೊಂಡು ಓಡಿಸುವ ಗಾಡಿಗೆ ಇಂಥ ಸುಳ್ಳು ಹೇಳಿಸಬೇಡಿ.

ಈ ದೀಪ ಡ್ಯಾಶ್‌ಬೋರ್ಡಿಗೆ ಬಂದದ್ದೇ ಪ್ರಾಣಗಳ ಬೆಲೆಗೆ. 1986ರಷ್ಟು ಹಿಂದೆಯೇ ಪೋರ್ಷೆ 959ರಲ್ಲಿ ಈ ವ್ಯವಸ್ಥೆ ಇತ್ತು. ಸಾಮಾನ್ಯರ ಗಾಡಿಗೆ ಇಳಿದದ್ದು ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಪಟ್ಟಿ ಕಿತ್ತು ಫೋರ್ಡ್ ಎಕ್ಸ್‌ಪ್ಲೋರರ್‌ಗಳು ಮಗುಚಿ ಜನ ಸತ್ತ ಮೇಲೆ. 2000ದಲ್ಲಿ ಅಲ್ಲಿ ಕಾನೂನು ಬಂತು; ಗಾಳಿ ನಿಗದಿಗಿಂತ ಶೇ 25 ಇಳಿದರೆ ಎಚ್ಚರಿಸಬೇಕು ಎಂಬ ನಿಯಮ ಅದರ ಫಲ. 33ಕ್ಕೆ ಅದು ಸುಮಾರು 25 ಪಿಎಸ್‌ಐ. ಹುಲಿಕೆರೆಗೆ ಬಂದ ಆ ಟೈರು ಅದನ್ನೂ ದಾಟಿ ಇಳಿದಿತ್ತು.

ನಮ್ಮಲ್ಲಿ ಇದು ಕಡ್ಡಾಯವಲ್ಲ. ಆದರೆ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಆದ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ ಮತ್ತು ಈ ಸೆನ್ಸರ್ ವ್ಯವಸ್ಥೆ ಇರುವ ಕಾರುಗಳಿಗೆ ಕಂಪನಿ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ. ಅಂಥ ಗಾಡಿಯಲ್ಲಿ ಸ್ಟೆಪ್ನಿಯ ಜಾಗ ತುಂಬಿರುವುದು ಈ ದೀಪವೂ ಸೇರಿ. ಅಲಾಯ್ ಆಸೆಗೆ ಅದನ್ನು ಕಳೆದುಕೊಂಡು ಬಾಣಾವರ, ಜಾವಗಲ್ ಕಡೆಯ ದಾರಿಯಲ್ಲಿ ಕತ್ತಲಾದ ಮೇಲೆ ಟೈರು ಕೂತರೆ ಕೈಯಲ್ಲಿ ಪಂಕ್ಚರ್ ಕಿಟ್ ಬಿಟ್ಟು ಏನೂ ಉಳಿಯುವುದಿಲ್ಲ.

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವವರಿಗೆ ಇನ್ನೊಂದು ಮಾತು. ಸಮುದ್ರಮಟ್ಟದಿಂದ ಹಾಸನದ ಎತ್ತರಕ್ಕೆ, ಅಂದರೆ ಹೆಚ್ಚುಕಡಿಮೆ 950 ಮೀಟರಿಗೆ ಏರಿದಾಗ ಹೊರಗಿನ ವಾಯುಭಾರ ಕಡಿಮೆಯಾಗಿ ಗೇಜಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚಾಗಿ ಕಾಣುತ್ತದೆ. ಮರುದಿನ ಬೆಳಗಿನ ಚಳಿ ಅದನ್ನು ಮತ್ತೆ ಇಳಿಸುತ್ತದೆ. ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಒಂದು ಪಿಎಸ್‌ಐ ಲೆಕ್ಕ. ಓಡಿ ಕಾದ ಟೈರಿನ ಅಂಕಿ ನೋಡಿ ಗಾಳಿ ಬಿಡಿಸಬೇಡಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚಿನ ಅಂಕಿಯೇ ಅಂಕಿ.

ಅಂಗಡಿಯಣ್ಣ ಪ್ಯಾಚ್ ಹಾಕಿ, ಬ್ಯಾಲೆನ್ಸಿಂಗ್ ಮಾಡಿ, ನಾಲ್ಕಕ್ಕೂ ಗಾಳಿ ಸರಿ ಮಾಡಿಕೊಟ್ಟ. ಹಳೆಯ ರಿಮ್ಮುಗಳನ್ನು ಮಾರಲು ಯಾರ ಜೊತೆಗೋ ಮಾತಾಗಿದೆ ಎಂದು ಯುವಕ ಹೇಳಿದ. ಸೆನ್ಸರ್ ಬಿಚ್ಚಿಸಿಕೊಂಡ ಮೇಲೆ ಮಾರುವಂತೆ ಹೇಳಿದೆವು. ಅವನು ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿ, ಯಾರು ಬಂದು ಕೇಳಿದರೂ ರಿಮ್ಮುಗಳನ್ನು ಕೊಡಬೇಡಿ ಎಂದ.