ಶ್ರವಣಯಂತ್ರದ ಬೆಲೆಯಲ್ಲಿ ಏನೇನು ಅಡಗಿದೆ?

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರಾ ನದಿಯ ದಂಡೆಯ ಮೇಲೆ, ಸಿಂಗಟಾಲೂರೆಂಬ ಗ್ರಾಮವಿದೆ. ವೀರಭದ್ರೇಶ್ವರನ ಗುಡಿಯಿಂದ ಮೊದಲಿನಿಂದಲೂ, ಏತ ನೀರಾವರಿಯ ಯೋಜನೆಯಿಂದ ಈಚೆಗೂ, ಈ ಊರಿನ ಹೆಸರು ಸುತ್ತಲಿನ ನಾಡಿಗೆ ಪರಿಚಿತವಾಗಿದೆ. ಇಲ್ಲಿನ ಎಪ್ಪತ್ತು ವರ್ಷದ ಒಬ್ಬ ರೈತರಿಗೆ ಕಿವಿ ಮಂದವಾಯಿತೆಂದು ಭಾವಿಸೋಣ. ಅವರು ಮಗನೊಡನೆ ಬಸ್ಸು ಹತ್ತಿ ಮುಂಡರಗಿಗೆ, ಅಲ್ಲಿಂದ ಸುಮಾರು 40 ಕಿಲೋಮೀಟರು ದೂರದ ಗದಗಿಗೆ ಹೋಗಿ, ಶ್ರವಣಯಂತ್ರದ ಬೆಲೆಯನ್ನು ವಿಚಾರಿಸುತ್ತಾರೆ. ಒಂದಕ್ಕೆ ಕೆಲವೇ ಸಾವಿರ ರೂಪಾಯಿ. ಅದರ ಪಕ್ಕದಲ್ಲಿರುವ, ನೋಡಲು ಅದರಂತೆಯೇ ಇರುವ ಇನ್ನೊಂದಕ್ಕೆ ಲಕ್ಷದ ಸಮೀಪ! ಮಗನ ಜೇಬಿನಲ್ಲಿರುವ ಹತ್ತು ಸಾವಿರದ ಮೊಬೈಲಿನಲ್ಲಿ ಮೈಕ್ರೋಫೋನು, ವರ್ಧಕ, ಗಣಕ, ತೆರೆ, ಕ್ಯಾಮೆರಾ ಎಲ್ಲವೂ ಇವೆ. ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಈ ಯಂತ್ರಕ್ಕೆ ಅದರ ಹಲವು ಪಟ್ಟು ಬೆಲೆಯೇಕೆ? ಈ ಪ್ರಶ್ನೆಯ ಉತ್ತರವು ಅರ್ಧ ಭೌತಶಾಸ್ತ್ರದಲ್ಲಿಯೂ ಅರ್ಧ ವ್ಯಾಪಾರದಲ್ಲಿಯೂ ಇದೆ.

ಯಂತ್ರದ ರಚನೆ ಸರಳವಾದುದು. ಗಾಳಿಯ ಕಂಪನಗಳನ್ನು ವಿದ್ಯುತ್ತಾಗಿ ಮಾರ್ಪಡಿಸಲು ಒಂದು ಮೈಕ್ರೋಫೋನು, ಆ ವಿದ್ಯುತ್ತನ್ನು ಹೆಚ್ಚಿಸಲು ಒಂದು ವರ್ಧಕ, ಅದನ್ನು ಮರಳಿ ಶಬ್ದವಾಗಿಸಲು ಒಂದು ಪುಟ್ಟ ಧ್ವನಿಸಾಧನ, ಇವೆಲ್ಲಕ್ಕೂ ಶಕ್ತಿಯೂಡಲು ಒಂದು ಬ್ಯಾಟರಿ. 1952ರ ಕೊನೆಯಲ್ಲಿ ಟ್ರಾನ್ಸಿಸ್ಟರು ಇದರೊಳಗೆ ಬಂದಿತು. (ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂದದ್ದು ಇದಾದ ಎರಡು ವರ್ಷಗಳ ಮೇಲೆ. ರೇಡಿಯೋವಿಗಿಂತ ಮೊದಲು ಕಿವುಡರಿಗೇ ಟ್ರಾನ್ಸಿಸ್ಟರಿನ ಉಪಕಾರ ಸಂದಿತೆಂಬುದು ಸಂತೋಷದ ಸಂಗತಿ.) 1996ರಲ್ಲಿ ಪೂರ್ಣವಾಗಿ ಡಿಜಿಟಲ್ ಆದ ಯಂತ್ರಗಳು ಬಂದವು. ಇಂದು ಲೋಕದ ಶ್ರವಣಯಂತ್ರಗಳಲ್ಲಿ ಬಹುಪಾಲನ್ನು ಐದು ದೊಡ್ಡ ಸಂಸ್ಥೆಗಳು ತಯಾರಿಸುತ್ತವೆ. ಅವುಗಳ ನೆಲೆ ಡೆನ್ಮಾರ್ಕು, ಸ್ವಿಟ್ಜರ್ಲೆಂಡು, ಅಮೆರಿಕಗಳಲ್ಲಿದೆ. ಸಂಶೋಧನೆಯ ವೆಚ್ಚ, ಆಮದುದಾರನ ಲಾಭ, ಅಂಗಡಿಯ ಬಾಡಿಗೆ ಇವೆಲ್ಲ ಬೆಲೆಯೊಳಗೆ ಸೇರುವುದು ಸಹಜ. ಆದರೆ ಇವು ಮೊಬೈಲಿಗೂ ಉಂಟಷ್ಟೆ. ಶ್ರವಣಯಂತ್ರದ ಬೆಲೆಯೊಳಗೆ ಮೊಬೈಲಿನಲ್ಲಿಲ್ಲದ ಇನ್ನೊಂದು ವಸ್ತುವಿದೆ. ಅದು ಒಬ್ಬ ತಜ್ಞನ ವೇಳೆ.

ಈ ವೇಳೆ ಏತಕ್ಕೆ ಬೇಕು? ಕಿವಿ ಮಂದವಾದವರಿಗೆ ಶಬ್ದವನ್ನೆಲ್ಲ ಒಂದೇ ಸಮನೆ ಜೋರು ಮಾಡಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಶಬ್ದದ ಮಟ್ಟವನ್ನು ಡೆಸಿಬೆಲಿನಲ್ಲಿ ಅಳೆಯುತ್ತಾರೆ. 20 ಡೆಸಿಬೆಲ್ ಏರಿದರೆ ಶಬ್ದದ ಒತ್ತಡ 10 ಪಟ್ಟಾಗುತ್ತದೆ. 60 ಡೆಸಿಬೆಲ್ ಏರಿದರೆ 1,000 ಪಟ್ಟು. ನಮ್ಮ ರೈತರಿಗೆ 60 ಡೆಸಿಬೆಲಿನಷ್ಟು ಶ್ರವಣ ಕುಗ್ಗಿದೆಯೆನ್ನೋಣ. ಅವರಿಗೆ ಎಲ್ಲ ಶಬ್ದವನ್ನೂ 60 ಡೆಸಿಬೆಲ್ ಏರಿಸಿ ಕೊಟ್ಟರೆ, ಪಕ್ಕದವರ ಸಾಮಾನ್ಯ ಮಾತೇ ಸಿಡಿಮದ್ದಿನಂತೆ ಬಡಿದೀತು. ಏಕೆಂದರೆ ಅವರಿಗೆ ಮೆಲುದನಿ ಕೇಳದಿದ್ದರೂ ಗಟ್ಟಿ ಶಬ್ದದ ಸಹನೆಯ ಮೇರೆ ಹೆಚ್ಚಾಗಿ ಮೇಲೇರಿರುವುದಿಲ್ಲ. ಮನೆಯ ನೆಲವನ್ನು ಮಣ್ಣು ತುಂಬಿ ಎತ್ತರಿಸಿ, ಮಾಳಿಗೆಯನ್ನು ಇದ್ದಲ್ಲೇ ಬಿಟ್ಟಂತೆ ಈ ಸ್ಥಿತಿ. ಒಳಗೆ ನಿಲ್ಲಬೇಕಾದವರು ಬಾಗಲೇಬೇಕು. ಶಬ್ದವನ್ನು ಈ ಕಿರಿದಾದ ಎಡೆಯೊಳಗೆ ಹಿಸುಕಿ ಕೂರಿಸುವುದೇ ಯಂತ್ರದ ಕೆಲಸ. 1944ರಲ್ಲಿ ಲೈಬರ್ಗರ್ ಎಂಬ ಅಮೆರಿಕದ ತಜ್ಞನು, ಕುಗ್ಗಿದ ಶ್ರವಣದ ಸುಮಾರು ಅರ್ಧದಷ್ಟನ್ನು ಮಾತ್ರ ವರ್ಧಿಸಬೇಕೆಂಬ ಸೂತ್ರವನ್ನು ಹೇಳಿದನು. ಅಂದರೆ ನಮ್ಮ ರೈತರಿಗೆ 30 ಡೆಸಿಬೆಲ್, ಒತ್ತಡದಲ್ಲಿ ಸುಮಾರು 32 ಪಟ್ಟು. ಇಂದಿನ ಸೂತ್ರಗಳು ಇದಕ್ಕಿಂತ ಜಟಿಲವಾಗಿದ್ದರೂ ಅವುಗಳ ಬೇರು ಇದೇ.

ವಯಸ್ಸಾದವರಲ್ಲಿ ಶ್ರವಣವು ಎಲ್ಲ ಆವೃತ್ತಿಗಳಲ್ಲಿಯೂ ಸಮನಾಗಿ ಕುಗ್ಗುವುದಿಲ್ಲವೆಂಬುದು ಇನ್ನೊಂದು ತೊಡಕು. ಹೆಚ್ಚಿನ ಆವೃತ್ತಿಗಳು ಮೊದಲು ಮಾಯವಾಗುತ್ತವೆ. ಸ್ವರಗಳ ಬಲವೆಲ್ಲ ಕಡಿಮೆ ಆವೃತ್ತಿಗಳಲ್ಲಿದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಮೇಲಿನ ಆವೃತ್ತಿಗಳಲ್ಲಿದೆ. ಆದುದರಿಂದ ‘ಸಾಲ’ವೆಂದರೋ ‘ಕಾಲ’ವೆಂದರೋ ತಿಳಿಯದು. ‘ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎಂದು ಅಜ್ಜಂದಿರು ಹೇಳುವುದು ಭೌತಶಾಸ್ತ್ರದ ದೃಷ್ಟಿಯಿಂದ ಬಹು ಕರಾರುವಾಕ್ಕಾದ ವರ್ಣನೆ.

ಇನ್ನು ಕಿವಿಯ ನಾಳದ ಮಾತು. ಮುಚ್ಚಿದ ಕುಹರದಲ್ಲಿ ಶಬ್ದದ ಒತ್ತಡವು ಅದರ ಗಾತ್ರಕ್ಕೆ ವಿಲೋಮವಾಗಿರುತ್ತದೆ. ಗಾತ್ರ ಅರ್ಧವಾದರೆ ಒತ್ತಡ ಎರಡು ಪಟ್ಟಾಗಿ 6 ಡೆಸಿಬೆಲ್ ಏರುತ್ತದೆ. ಕಾರ್ಖಾನೆಯಲ್ಲಿ ಯಂತ್ರವನ್ನು ಪರೀಕ್ಷಿಸುವುದು 2 ಘನ ಸೆಂಟಿಮೀಟರಿನ ಲೋಹದ ಕುಹರದಲ್ಲಿ. ನಿಜವಾದ ಕಿವಿಯಲ್ಲಿ ಉಳಿಯುವ ಎಡೆ ಅದಕ್ಕಿಂತ ಕಡಿಮೆ. ಎಳೆಯ ಮಗುವಿನದಂತೂ ಬಹಳ ಕಡಿಮೆ. ಹೀಗಾಗಿ ಒಂದೇ ಯಂತ್ರ, ಒಂದೇ ತಿರುಪು, ಎರಡು ಕಿವಿಗಳಲ್ಲಿ ಎರಡು ಬಗೆಯಾಗಿ ನುಡಿಯುವುದು. ಆದುದರಿಂದ ಜಾಗರೂಕನಾದ ಶ್ರವಣತಜ್ಞನು ಕೂದಲಿನಂತಹ ಒಂದು ನಳಿಕೆಯನ್ನು ಕಿವಿಯೊಳಗಿಟ್ಟು, ತಮಟೆಯ ಬಳಿ ಶಬ್ದ ಎಷ್ಟಿದೆಯೆಂದು ಅಳೆದು, ಗಣಕದ ಮೂಲಕ ಯಂತ್ರವನ್ನು ಹೊಂದಿಸುತ್ತಾನೆ. ಕಿವಿಯ ಆಕಾರಕ್ಕೆ ಎರಕ ಹೊಯ್ದ ಕಿವಿಯಚ್ಚು ಸರಿಯಾಗಿ ಕೂರದಿದ್ದರೆ ಹೊರಟ ಶಬ್ದವು ಮತ್ತೆ ಮೈಕ್ರೋಫೋನನ್ನು ಸೇರಿ ಸೀಟಿಯೂದುತ್ತದೆ. ಬೆಳೆಯುವ ಮಕ್ಕಳಿಗೆ ಈ ಅಚ್ಚನ್ನು ಕೆಲವು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಸಬೇಕು. ಹೊಸ ಶಬ್ದಲೋಕಕ್ಕೆ ಮಿದುಳು ಒಗ್ಗಿಕೊಳ್ಳಲೂ ವಾರಗಳು ಬೇಕು. ಅಷ್ಟರಲ್ಲಿ ಎರಡು ಮೂರು ಸಲ ತಿರುಪುಗಳನ್ನು ಬದಲಿಸಬೇಕಾಗುತ್ತದೆ. ಕನ್ನಡಕವನ್ನು ಕೊಂಡ ದಿನವೇ ಕೆಲಸ ಮುಗಿಯಿತು. ಶ್ರವಣಯಂತ್ರವನ್ನು ಕೊಂಡ ದಿನ ಕೆಲಸ ಆರಂಭವಾಗುವುದು.

ಈಗ ವ್ಯಾಪಾರಕ್ಕೆ ಬರೋಣ. ಈ ಸೇವೆಗೆಲ್ಲ ಬೇರೆ ಶುಲ್ಕ ಕೇಳದೆ, ಅದನ್ನು ಯಂತ್ರದ ಬೆಲೆಯಲ್ಲಿಯೇ ಸೇರಿಸಿ ಒಂದೇ ಮೊತ್ತವಾಗಿ ಹೇಳುವುದು ಹಲವು ದೇಶಗಳಲ್ಲಿ ರೂಢಿ. ನಮ್ಮಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನು ಆರಿಸಿಕೊಂಡವು. 30,000 ರೂಪಾಯಿಯ ಯಂತ್ರದಲ್ಲಿ 18,000 ವಸ್ತುವಿನ ಬೆಲೆ, 12,000 ಸೇವೆಯ ಬೆಲೆಯಾಗಿರಲಿ. ಯಂತ್ರದ ಆಯುಸ್ಸು 5 ವರ್ಷ. ಗದಗಿನಲ್ಲಿಯೇ ಇರುವ ಗ್ರಾಹಕರು ವರ್ಷಕ್ಕೆ ನಾಲ್ಕು ಸಲದಂತೆ 20 ಸಲ ಬಂದರೆ ಪ್ರತಿ ಭೇಟಿಗೆ ಅವರು ಕೊಟ್ಟದ್ದು 600 ರೂಪಾಯಿ. ಸಿಂಗಟಾಲೂರಿನ ರೈತರು ಮೂರು ಸಲ ಬಂದು, ಬಸ್ಸಿನ ವೆಚ್ಚಕ್ಕೂ ಮಗನ ಒಂದು ದಿನದ ಕೂಲಿಗೂ ಅಂಜಿ, ಬರುವುದನ್ನು ಬಿಟ್ಟರೆ ಅವರು ಭೇಟಿಯೊಂದಕ್ಕೆ ಕೊಟ್ಟದ್ದು 4,000. ಬಸ್ಸಿನ ವೆಚ್ಚ ಬೇರೆ. (2023ರ ಜೂನಿನಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲ, ಮಗನ ಬದಲು ಸೊಸೆ ಜೊತೆಗೆ ಬಂದರೆ ಒಂದು ಟಿಕೇಟು ಉಳಿದೀತು!) ದೂರದಲ್ಲಿರುವವರು ಹತ್ತಿರದವರ ಸೇವೆಗೆ ತಮಗರಿಯದಂತೆ ಹಣ ತೆರುತ್ತಿದ್ದಾರೆಂಬುದು ಇದರ ತಾತ್ಪರ್ಯ.

ಹಾಗಾದರೆ ಯಂತ್ರಕ್ಕೊಂದು, ಪ್ರತಿ ಭೇಟಿಗೊಂದು ಎಂದು ಬೆಲೆಯನ್ನು ಬಿಡಿಸಿಬಿಟ್ಟರೆ ಸರಿಯಾಯಿತೆ? ಅದಕ್ಕೂ ಆಕ್ಷೇಪವಿದೆ. ಪ್ರತಿ ಸಲವೂ ಹಣ ಕೊಡಬೇಕೆಂದಾದರೆ ಬಡವರು ಬರುವುದೇ ಇಲ್ಲ. ಸೀಟಿಯೂದುವ ಯಂತ್ರ ಪೆಟ್ಟಿಗೆ ಸೇರುತ್ತದೆ. ಮೊದಲ ಮೂರು ನಾಲ್ಕು ತಿಂಗಳ ಹೊಂದಾಣಿಕೆ ಬೆಲೆಯಲ್ಲಿಯೇ ಸೇರಿರಲಿ, ಅನಂತರದ್ದು ಬೇರೆಯಾಗಿರಲಿ ಎಂಬುದು ನನಗೆ ಉಚಿತವಾಗಿ ತೋರುತ್ತದೆ.

ಸೇವೆಗೆ ನಿಜವಾಗಿಯೂ ಬೆಲೆಯುಂಟೆ ಎಂಬುದನ್ನು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. 55ರಿಂದ 79 ವರ್ಷದೊಳಗಿನ 154 ಜನರನ್ನು ಮೂರು ಗುಂಪು ಮಾಡಿ ಒಂದೇ ಮಾದರಿಯ ಯಂತ್ರವನ್ನು ಕೊಟ್ಟರು. ಮೊದಲ ಗುಂಪಿಗೆ ತಜ್ಞರೇ ಹೊಂದಿಸಿದರು. ಎರಡನೆಯವರು ತಾವೇ ಆರಿಸಿಕೊಂಡರು. ಮೂರನೆಯವರ ಯಂತ್ರ ಶಬ್ದವನ್ನು ವರ್ಧಿಸದಂತೆ ಗುಟ್ಟಾಗಿ ಹೊಂದಿಸಲಾಗಿತ್ತು. ಪ್ರಯೋಗದ ಕೊನೆಗೆ ಯಂತ್ರವನ್ನು ಇಟ್ಟುಕೊಳ್ಳಬಯಸಿದವರು ಕ್ರಮವಾಗಿ ಶೇಕಡ 81, 55, 36. ತಾವೇ ಆರಿಸಿಕೊಂಡವರಿಗೂ ಪ್ರಯೋಜನವಾಗದಿರಲಿಲ್ಲ. ಆದರೆ ತೃಪ್ತಿ ಕಡಿಮೆಯಿತ್ತು. ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, ಪ್ರತಿ ಗುಂಪಿನಲ್ಲಿ ಕೆಲವರಿಂದ ಜೋಡಿಗೆ 3,600 ಡಾಲರನ್ನೂ ಉಳಿದವರಿಂದ 600 ಡಾಲರನ್ನೂ ಪಡೆದಿದ್ದರು. ಹೆಚ್ಚು ಕೊಟ್ಟುದರಿಂದ ಫಲಿತಾಂಶ ಹೆಚ್ಚಲಿಲ್ಲ. 2022ರ ಅಕ್ಟೋಬರಿನಿಂದ ಅಮೆರಿಕದಲ್ಲಿ ತಜ್ಞರ ನೆರವಿಲ್ಲದೆ ಅಂಗಡಿಯಲ್ಲಿಯೇ ಕೊಳ್ಳಬಹುದಾದ ಯಂತ್ರಗಳಿಗೆ ಅವಕಾಶವಾಗಿದೆ. ಅವು ವಯಸ್ಕರಿಗೆ, ಅಲ್ಪ ಮತ್ತು ಮಧ್ಯಮ ಪ್ರಮಾಣದ ಮಂದತೆಗೆ ಮಾತ್ರ.

ನಮ್ಮ ದೇಶದಲ್ಲಿ ಸರ್ಕಾರ ಬೆಲೆಯನ್ನು ಕಟ್ಟಿಹಾಕಿಲ್ಲವೆ? ಸ್ವಲ್ಪಮಟ್ಟಿಗೆ ಮಾತ್ರ. 2017ರಲ್ಲಿ ಹೃದಯದ ಸ್ಟೆಂಟುಗಳಿಗೂ ಕೃತಕ ಮೊಣಕಾಲಿಗೂ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿದಂತೆ ಶ್ರವಣಯಂತ್ರಕ್ಕೆ ಗೊತ್ತುಪಡಿಸಿಲ್ಲ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಕಾನೂನಿನಲ್ಲಿ ಔಷಧಗಳ ವರ್ಗಕ್ಕೆ ಸೇರಿರುವುದರಿಂದ, ಮುದ್ರಿತ ಗರಿಷ್ಠ ಬೆಲೆಯನ್ನು ಒಂದು ವರ್ಷದಲ್ಲಿ ಶೇಕಡ 10ಕ್ಕಿಂತ ಹೆಚ್ಚಿಸುವಂತಿಲ್ಲ. ಆದರೆ ಮೊದಲು ಮುದ್ರಿಸಿದ ಬೆಲೆಯೇ ದೊಡ್ಡದಾಗಿದ್ದರೆ ಈ ನಿಯಮದಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಯಂತ್ರದ ಮೇಲೆ ಸರಕು ಸೇವಾ ತೆರಿಗೆಯಿಲ್ಲ. ಅದರ ಬ್ಯಾಟರಿಯ ಮೇಲೆ ಇದೆ.

ಉಚಿತವಾಗಿ ಕೊಡುವ ಯೋಜನೆಗಳೂ ಉಂಟು. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆ 1981ರಿಂದ ನಡೆದಿದೆ. ಅದಕ್ಕೆ ಆದಾಯದ ಮಿತಿಯ ಜೊತೆಗೆ ಶೇಕಡ 40ರ ಅಂಗವಿಕಲತೆಯ ಪ್ರಮಾಣಪತ್ರ ಬೇಕು. 2016ರ ಕಾಯಿದೆಯ ಪ್ರಕಾರ ಎರಡು ಕಿವಿಗಳಲ್ಲಿಯೂ 60 ಡೆಸಿಬೆಲಿನಷ್ಟು ಕುಗ್ಗಿದವರಿಂದ ಶ್ರವಣದೋಷದ ಎಣಿಕೆ ಆರಂಭ. 50 ಡೆಸಿಬೆಲ್ ಕುಗ್ಗಿದವರು ಪಂಚಾಯತಿಯ ಸಭೆಯಲ್ಲಿ ಏನೂ ತಿಳಿಯದೆ ಕುಳಿತಿದ್ದರೂ ಈ ವ್ಯಾಖ್ಯೆಯ ಹೊರಗೇ ಉಳಿಯುವರು. ಬಡ ಹಿರಿಯ ನಾಗರಿಕರಿಗಾಗಿ 2017ರಲ್ಲಿ ‘ರಾಷ್ಟ್ರೀಯ ವಯೋಶ್ರೀ’ ಯೋಜನೆ ಬಂದಿತು. ಕಾನಪುರದ ಕೃತಕಾಂಗ ತಯಾರಿಕಾ ನಿಗಮವು ಶಿಬಿರಗಳನ್ನು ನಡೆಸಿ ಅದರ ಮೂಲಕ ಯಂತ್ರಗಳನ್ನು ಹಂಚುತ್ತದೆ; ಒಂದು ವರ್ಷದ ದುರಸ್ತಿಯೂ ಉಚಿತ. ಇದು ನಿಜವಾಗಿಯೂ ಒಳ್ಳೆಯ ಕೆಲಸ. ಆದರೆ ಎರಡನೆಯ ವರ್ಷ ಯಾರ ಬಳಿಗೆ ಹೋಗಬೇಕು? ಬ್ರಿಟನ್ನಿನಲ್ಲಿ 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆಯವರು ಯಂತ್ರವನ್ನು ಉಚಿತವಾಗಿ ಕೊಡುತ್ತಿದ್ದಾರೆ. ಬ್ಯಾಟರಿಗೂ ದುರಸ್ತಿಗೂ ಅಲ್ಲಿ ಹಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ, ಶ್ರವಣಯಂತ್ರದಿಂದ ಪ್ರಯೋಜನ ಪಡೆಯಬಲ್ಲವರಲ್ಲಿ ಅದನ್ನು ಬಳಸುತ್ತಿರುವವರು ಲೋಕದಲ್ಲಿ ಶೇಕಡ 17 ಮಾತ್ರ.

ಬೆಲೆಪಟ್ಟಿಯಲ್ಲಿ ಕಾಣದ ಇನ್ನೊಂದು ವೆಚ್ಚ ಬ್ಯಾಟರಿಯದು. ಕಿತ್ತಲೆ ಬಣ್ಣದ ಪಟ್ಟಿಯಿರುವ 13ನೆಯ ಅಳತೆಯ ಸತು-ಗಾಳಿ ಬ್ಯಾಟರಿಯ ಸಾಮರ್ಥ್ಯ ಸುಮಾರು 300 ಮಿಲಿ-ಆಂಪಿಯರ್-ಗಂಟೆ. ಯಂತ್ರವು 1.5 ಮಿಲಿ-ಆಂಪಿಯರ್ ಹೀರಿದರೆ 200 ಗಂಟೆ ನಡೆದೀತು. ದಿನಕ್ಕೆ 12 ಗಂಟೆ ಧರಿಸಿದರೆ ವರ್ಷಕ್ಕೆ ಒಂದು ಕಿವಿಗೆ 22 ಬೇಕು. ಒಂದಕ್ಕೆ 40 ರೂಪಾಯಿಯಂತೆ ಹಿಡಿದರೆ 880 ರೂಪಾಯಿ, ಎರಡು ಕಿವಿಗೆ 1,760. ಐದು ವರ್ಷಕ್ಕೆ 8,800. ಅಗ್ಗದ ಯಂತ್ರದ ಬೆಲೆಯನ್ನೇ ಇದು ಮುಟ್ಟಬಲ್ಲದು. ಪಟ್ಟಿಯನ್ನು ಕಿತ್ತೊಡನೆ ಗಾಳಿ ಒಳಹೊಕ್ಕು ರಾಸಾಯನಿಕ ಕ್ರಿಯೆ ಆರಂಭವಾಗುವುದರಿಂದ, ಬೇಕಾಗುವ ಮೊದಲೇ ಪಟ್ಟಿಯನ್ನು ತೆಗೆಯಬಾರದು. ಮರುಪೂರಣದ ಬ್ಯಾಟರಿಯಿರುವ ಯಂತ್ರಗಳಲ್ಲಿ ಈ ಖರ್ಚಿಲ್ಲವಾದರೂ, ಆ ಬ್ಯಾಟರಿ ಕೆಲವು ವರ್ಷಗಳಲ್ಲಿ ಸವೆದಾಗ ಅದನ್ನು ಬದಲಿಸುವ ವೆಚ್ಚವನ್ನು ಮೊದಲೇ ಕೇಳಿಕೊಳ್ಳಬೇಕು.

ಕೊಳ್ಳುವಾಗ ಬಿಲ್ಲಿನಲ್ಲಿ ಯಂತ್ರಕ್ಕೆಷ್ಟು, ಕಿವಿಯಚ್ಚಿಗೆಷ್ಟು, ಎಷ್ಟು ಭೇಟಿಗಳು ಸೇರಿವೆ, ಖಾತರಿ ಎಷ್ಟು ವರ್ಷ, ಕೆಟ್ಟ ಯಂತ್ರ ದುರಸ್ತಿಗೆ ಹೋದಾಗ ಬದಲಿ ಕೊಡುವರೆ ಎಂಬಿವನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಸಿಕೊಳ್ಳುವುದು ಮೇಲು. ಇದನ್ನು ಓದುವ ವಿದ್ಯಾರ್ಥಿಗಳ ಮನೆಯಲ್ಲಿ ಅಂತಹ ಹಿರಿಯರಿದ್ದರೆ ಆ ಕೆಲಸವನ್ನು ನೀವೇ ಮಾಡಬಹುದು. ಇನ್ನೂ ಕೆಲವನ್ನು ನೀವು ಮಾಡಬಲ್ಲಿರಿ. ಯಂತ್ರ ನಿಂತುಹೋಯಿತೆಂದು ಹೇಳಿದಾಗ ಕಾರಣ ಬಹುಸಲ ಖಾಲಿಯಾದ ಬ್ಯಾಟರಿ, ತೂತಿಗೆ ಅಂಟಿದ ಗುಗ್ಗೆ, ಅಥವಾ ಗಟ್ಟಿಯಾಗಿ ಬಿರಿದ ಪ್ಲಾಸ್ಟಿಕ್ ನಳಿಕೆ. ಗುಗ್ಗೆಯನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಬೆವರಿನ ದಿನಗಳಲ್ಲಿ ರಾತ್ರಿ ಯಂತ್ರವನ್ನು ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿಡಿ. ನಳಿಕೆಯ ಬೆಲೆ ಅಲ್ಪ. ಮುಂದಿನ ಸಲ ಹೋದಾಗ ಎರಡು ಮೂರು ಹೆಚ್ಚಾಗಿ ತಂದು, ಜೋಡಿಸುವ ಬಗೆಯನ್ನು ತಜ್ಞರಿಂದ ಕಲಿತು ಬನ್ನಿರಿ. ಗಣಕದಿಂದ ಹೊಂದಿಸಬೇಕಾದ ಕೆಲಸಕ್ಕೆ ಮಾತ್ರ ಗದಗಿಗೆ, ಹುಬ್ಬಳ್ಳಿಗೆ, ವಾಕ್-ಶ್ರವಣ ಶಾಸ್ತ್ರವನ್ನು ಬೋಧಿಸುವ ಸಂಸ್ಥೆಯಿರುವ ಧಾರವಾಡಕ್ಕೆ ಹೋಗಬೇಕಾದೀತು; ಕಠಿಣವಾದ ಪ್ರಕರಣಗಳಿಗೆ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.