ಡಬ್ಬಿಯ ಮೇಲೆ ಉಳಿದ ಡ್ರಾಮ್

ಅಮೆರಿಕದಲ್ಲಿ ತಯಾರಾದ ಹನ್ನೆರಡು ಬೋರಿನ ತೋಟಾಗಳ ಡಬ್ಬಿಯ ಮೇಲೆ ಒಂದು ಸಾಲು ಅಂಕಿಗಳಿರುತ್ತವೆ. ತೋಟಾದ ಉದ್ದ, ಚರೆಯ ತೂಕ, ಚರೆಯ ನಂಬರು. ಇವನ್ನೆಲ್ಲ ಯಾರು ಬೇಕಾದರೂ ಅಳೆದು ನೋಡಬಹುದು. ಅದೇ ಸಾಲಿನಲ್ಲಿ ‘3 ಡ್ರಾಮ್‌ಗೆ ಸಮ’ ಎನ್ನುವ ಇನ್ನೊಂದು ಅಂಕಿಯೂ ಎಷ್ಟೋ ಡಬ್ಬಿಗಳಲ್ಲಿ ಇರುತ್ತದೆ. 3 ಡ್ರಾಮ್ ಅಂದರೆ ಸುಮಾರು 5.3 ಗ್ರಾಂ. ಆದರೆ ತೋಟಾದೊಳಗಿನ ಮದ್ದನ್ನು ತಕ್ಕಡಿಗೆ ಹಾಕಿದರೆ ಅದರ ಕಾಲು ಭಾಗದ ಆಸುಪಾಸು ಮಾತ್ರ ತೂಗುತ್ತದೆ. ಕಂಪನಿಯವರು ಕೈ ಬಿಗಿ ಹಿಡಿದಿದ್ದಾರೆಂದಲ್ಲ. ಆ ಅಂಕಿ ಹೇಳುತ್ತಿರುವುದು ಒಳಗಿಲ್ಲದ ಮದ್ದಿನ ಲೆಕ್ಕವನ್ನು.

ಬಟ್ಟಲಿನ ಕಾಲ

ಹಳೆಯ ಕೋವಿಗೆ ಬಾಯಿಂದಲೇ ಉಣಿಸಬೇಕಿತ್ತು. ಮೊದಲು ಕರಿಮದ್ದು, ಮೇಲೊಂದು ಅಡಕ, ಆಮೇಲೆ ಚರೆ, ಅದು ಉರುಳದಂತೆ ಮತ್ತೊಂದು ಅಡಕ. ಅಳತೆಗೆ ಹಿಡಿಯುಳ್ಳ ಒಂದು ಪುಟ್ಟ ಬಟ್ಟಲು. ಬೇಟೆಗಾರರ ಬಾಯಲ್ಲಿದ್ದ ಸೂತ್ರವೂ ಸರಳ: ಎಷ್ಟು ಬಟ್ಟಲು ಚರೆಯೋ ಅಷ್ಟೇ ಬಟ್ಟಲು ಮದ್ದು. ಹನ್ನೆರಡು ಬೋರು ಅಂದರೆ ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮ ಉಂಡೆ ಮಾಡಿದಾಗ ಅವುಗಳಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ. ಅದಕ್ಕೆ 3 ಡ್ರಾಮ್ ಕರಿಮದ್ದು ಹದವಾದ ಈಡು.

ಆಗ ಮದ್ದು ಆರಿಸುವುದೆಂದರೆ ಕಾಳಿನ ಗಾತ್ರ ಆರಿಸುವುದು. ದಪ್ಪ ಕಾಳು ನಿಧಾನಕ್ಕೆ ಉರಿಯುತ್ತದೆ, ಸಣ್ಣದು ಬೇಗ.  ಕರಿಮದ್ದಿಗೆ ಒಂದು ಒಳ್ಳೆಯ ಗುಣವಿತ್ತು. ಬಟ್ಟಲು ತುಸು ಹೆಚ್ಚು ತುಂಬಿದರೂ ಭುಜಕ್ಕೆ ಜೋರಾಗಿ ಒದೆಯುತ್ತಿತ್ತು, ಹೊಗೆ ಹೆಚ್ಚು ಕಾರುತ್ತಿತ್ತು, ಅಷ್ಟೇ. ಗಟ್ಟಿಮುಟ್ಟಾದ ಕೋವಿ ಸಾಮಾನ್ಯವಾಗಿ ಅದನ್ನು ತಡೆದುಕೊಳ್ಳುತ್ತಿತ್ತು.

ಬದಲಾವಣೆ ಮೊದಲು ಬಂದದ್ದು ಮದ್ದಿಗಲ್ಲ, ಕಿಡಿಗೆ. ಚಕಮಕಿ ಕೋವಿ ಗುಂಡು ಹಾರಿಸುವ ಮೊದಲೇ ಮಿಂಚುತ್ತಿತ್ತು. ಆ ಮಿಂಚಿಗೆ ಹಕ್ಕಿಗಳು ಬೆದರಿ ದಿಕ್ಕು ಬದಲಿಸುತ್ತಿದ್ದವು. ಇದರಿಂದ ಬೇಸತ್ತ ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದ ಬೆಳೆದು ಬಂದದ್ದೇ ಕೇಪು. 1830ರ ದಶಕದಲ್ಲಿ ಪ್ಯಾರಿಸ್‌ನ ಕಾಸಿಮಿರ್ ಲೆಫೋಶೋ ನಳಿಗೆಯ ಹಿಂಬದಿ ತೆರೆದು ತೋಟಾ ಹಾಕುವ ಕೋವಿ ತಂದರು. 1861ರ ಹೊತ್ತಿಗೆ ಲಂಡನ್ನಿನ ಜಾರ್ಜ್ ಡಾ, ಕೇಪನ್ನು ತಳದ ನಡುವೆ ಇಟ್ಟ ತೋಟಾವನ್ನು ಮಾರುಕಟ್ಟೆಗೆ ಬಿಟ್ಟರು. ಇಂದಿನ ತೋಟಾದ ರೂಪವೂ ಅದೇ.

ಈಡು ಕೋವಿಯಿಂದ ಮೇಜಿಗೆ ಬಂದದ್ದು ಹೀಗೆ. ಸಿಡಿದ ತೋಟಾದ ಕೇಪು ಬದಲಿಸಿ, ಅದೇ ಬಟ್ಟಲಿನಿಂದ ಮದ್ದು ಸುರಿದು, ಅಡಕ ಒತ್ತಿ, ಚರೆ ತುಂಬಿ, ಬಾಯಿ ಮಡಚಿದರೆ ನಾಳೆಯ ಬೇಟೆಗೆ ತಯಾರಿ ಮುಗಿಯಿತು.

ಹೊಗೆ ಹೋಯಿತು, ಬಟ್ಟಲು ಉಳಿಯಿತು

1846ರಲ್ಲಿ ಬಾಸೆಲ್‌ನ ರಸಾಯನಶಾಸ್ತ್ರಜ್ಞ ಷೋನ್‌ಬೈನ್, ಆಮ್ಲಗಳಲ್ಲಿ ಅದ್ದಿದ ಹತ್ತಿ ಹೊಗೆಯೇ ಇಲ್ಲದೆ ಭಗ್ಗನೆ ಉರಿಯುತ್ತದೆಂದು ಜಗತ್ತಿಗೆ ತಿಳಿಸಿದರು. ಮರುವರ್ಷವೇ ಇಂಗ್ಲೆಂಡಿನ ಫಾವರ್ಷಾಮ್‌ನಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಸಿಡಿದು ಕೆಲಸಗಾರರು ಸತ್ತರು. ಆ ಹತ್ತಿಯ ಬಿರುಸು ಕೋವಿಯ ನಳಿಗೆಗೂ ಆಗದಂಥದ್ದು.

ಅದನ್ನು ಕೋವಿಗೆ ಒಗ್ಗುವಂತೆ ಪಳಗಿಸಿದ್ದು ಪ್ರಷ್ಯಾದ ಫಿರಂಗಿ ದಳದ ಅಧಿಕಾರಿ ಷುಲ್ಟ್ಸೆ. 1864ರ ಸುಮಾರಿಗೆ ಅವರು ಹತ್ತಿ ಬಿಟ್ಟು ಮರದ ಸಣ್ಣ ಚೂರುಗಳನ್ನು ಹಿಡಿದರು. ಆ ಮದ್ದು ಮುಂದೆ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಾಡಿನ ಕಾರ್ಖಾನೆಯಲ್ಲಿ ತಯಾರಾಯಿತು. 1882ರಲ್ಲಿ ಇಂಗ್ಲೆಂಡಿನದೇ ಸ್ಟೋಮಾರ್ಕೆಟ್‌ನಿಂದ ‘ಇ.ಸಿ.’ ಎಂಬ ಇನ್ನೊಂದು ಮದ್ದು ಬಂತು. ಬೇಟೆಗಾರರು ಹಿಗ್ಗಿದರು. ಜೋಡುನಳಿಗೆಯ ಮೊದಲ ಈಡು ಹಾರಿದ ಮೇಲೂ ಹಕ್ಕಿ ಹೊಗೆಯ ಹಿಂದೆ ಮರೆಯಾಗುತ್ತಿರಲಿಲ್ಲ. ಎರಡನೆಯದಕ್ಕೆ ಗುರಿ ಸಿಗುತ್ತಿತ್ತು.

ತಯಾರಕರು ಇಲ್ಲಿ ಒಂದು ಜಾಣತನ ಮಾಡಿದ್ದರು. ಹೊಸ ಮದ್ದು ಹಗುರ, ಅರಳಿನಂತೆ ಉಬ್ಬಿದ್ದು. 3 ಡ್ರಾಮ್‌ನ ಹಳೇ ಬಟ್ಟಲಿಗೆ ತೂಕದಲ್ಲಿ ಅರ್ಧದಷ್ಟೇ ಹಿಡಿಸುತ್ತಿತ್ತು, ಕೆಲಸ ಮಾತ್ರ ಕರಿಮದ್ದಿನಷ್ಟೇ ಮಾಡುತ್ತಿತ್ತು. ಯಾರೂ ಬಟ್ಟಲು ಬದಲಿಸಬೇಕಾಗಲಿಲ್ಲ.

ಅನಾಹುತಕ್ಕೆ ದಾರಿಯಾದದ್ದು ಆ ಅನುಕೂಲವೇ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ನೈಟ್ರೇಟ್ ಮಾಡಿದ ಹತ್ತಿಯನ್ನು ಅಂಟಿನಂತೆ ಕರಗಿಸಿ ಹಾಳೆ ಮಾಡಿ ಕತ್ತರಿಸಿದರು. 1887ರಲ್ಲಿ ಆಲ್‌ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್ ಬೆರೆಸಿ ಬ್ಯಾಲಿಸ್ಟೈಟ್ ಮಾಡಿದರು. ಇವು ಉಬ್ಬಿದ ಮದ್ದುಗಳಲ್ಲ, ಗಟ್ಟಿ ಮದ್ದುಗಳು. ಕರಿಮದ್ದಿನ ತೂಕದ ಮೂರನೇ ಒಂದು ಪಾಲಿನಷ್ಟಿದ್ದರೆ ಸಾಕು. ‘ಹೊಗೆಯಿಲ್ಲದ್ದಕ್ಕೂ ಹಳೇ ಬಟ್ಟಲೇ’ ಎಂದು ರೂಢಿಯಾದ ಕೈ ಗಟ್ಟಿ ಮದ್ದನ್ನು ಬಟ್ಟಲ ತುಂಬ ಸುರಿದರೆ ನಳಿಗೆ ಒಡೆದು ಬೆರಳು ಹೋಗುತ್ತಿತ್ತು. ನಮ್ಮಲ್ಲಿ ಔಷಧಕ್ಕೂ ಇದಕ್ಕೂ ಮದ್ದು ಎಂಬ ಒಂದೇ ಹೆಸರು. ಇಂಗ್ಲಿಷರ ಔಷಧದಂಗಡಿಯಲ್ಲೂ ಡ್ರಾಮ್ ಇತ್ತು, ಅದರ ತೂಕ ಮಾತ್ರ ಬೇರೆ. ಹೆಸರು ನಂಬಿ ಪ್ರಮಾಣ ಮರೆತರೆ ಎರಡೂ ಕಡೆ ಕಷ್ಟ.

ವೇಗದ ಲೆಕ್ಕ

ಅಲ್ಲಿಂದ ಮದ್ದು ಬಟ್ಟಲು ಬಿಟ್ಟು ತಕ್ಕಡಿಗೆ ಬಂತು. ಆರಿಸುವ ಮಾತೂ ‘ಎಷ್ಟು’ ಎಂಬುದರಿಂದ ‘ಎಷ್ಟು ಬೇಗ ಉರಿಯುತ್ತದೆ’ ಎಂಬುದಕ್ಕೆ ತಿರುಗಿತು. ಹಗುರ ಚರೆ ನಳಿಗೆಯಿಂದ ಬೇಗ ಹೊರಡುತ್ತದೆ, ಅದಕ್ಕೆ ಬೇಗ ಉರಿಯುವ ಮದ್ದು ಬೇಕು. ಭಾರದ ಚರೆ ಮೆಲ್ಲಗೆ ಕದಲುತ್ತದೆ. ಅದರ ಹಿಂದೆ ಅವಸರದ ಮದ್ದಿಟ್ಟರೆ ಒತ್ತಡವೆಲ್ಲ ಒಮ್ಮೆಲೇ ನಳಿಗೆಯ ಬುಡಕ್ಕೆ ಬೀಳುತ್ತದೆ. ಅದಕ್ಕೆ ನಿಧಾನದ ಮದ್ದೇ ಸರಿ. ನೋಟಕ್ಕೆ ಎಲ್ಲವೂ ಒಂದೇ ಥರದ ಬೂದುಬಣ್ಣದ ಹೊಟ್ಟು. ಹಾಗಾಗಿ 1932ರಲ್ಲಿ ಅಮೆರಿಕದ ಹರ್ಕ್ಯುಲಿಸ್ ಕಂಪನಿ ‘ರೆಡ್ ಡಾಟ್’ ತಂದಾಗ ಗುರುತಿಗೆಂದು ನಡುನಡುವೆ ಕೆಂಪು ಚೂರುಗಳನ್ನು ಬೆರೆಸಿತು. ಇವತ್ತು ಮನೆಯಲ್ಲಿ ತೋಟಾ ತುಂಬುವ ಅಮೆರಿಕನ್ನರು ಪ್ರಯೋಗಾಲಯ ಪರೀಕ್ಷಿಸಿ ಅಚ್ಚು ಹಾಕಿಸಿದ ಪಟ್ಟಿ ಬಿಟ್ಟು ಕದಲಬಾರದು. ತೋಟಾ, ಕೇಪು, ಅಡಕ, ಮದ್ದು, ಚರೆ ಈ ಐದರಲ್ಲಿ ಒಂದನ್ನು ಬದಲಿಸಿದರೂ ಹಳೆಯ ಲೆಕ್ಕ ನಡೆಯುವುದಿಲ್ಲ.

ಹಾಗಾದರೆ ಡ್ರಾಮ್ ಉಳಿದದ್ದೇಕೆ? ಹೊಸ ತೋಟಾ ಕೊಳ್ಳಲು ಬಂದವರಿಗೆ ಅದರ ಬಲ ಅರ್ಥವಾಗುತ್ತಿದ್ದುದು ಹಳೆಯ ಲೆಕ್ಕದಲ್ಲೇ. 3 ಡ್ರಾಮ್ ಕರಿಮದ್ದು ಒಂದೂಕಾಲಿಗೆ ತುಸು ಕಡಿಮೆ ಔನ್ಸಿನ, ಅಂದರೆ ಸುಮಾರು 32 ಗ್ರಾಂ ಚರೆಯನ್ನು ಎಷ್ಟು ವೇಗವಾಗಿ ದೂಡುತ್ತಿತ್ತೋ ಇದೂ ಅಷ್ಟೇ, ಸೆಕೆಂಡಿಗೆ ಸುಮಾರು 1200 ಅಡಿ, ಎಂದು ಭರವಸೆ ಕೊಡಲು ಆ ಅಂಕಿ. ಮಲೆನಾಡು, ಕೊಡಗಿನಲ್ಲಿ ‘ಕೇಪಿನ ಕೋವಿ’, ‘ತೋಟೆಕೋವಿ’ ಎಂದು ಬೇರೆ ಮಾಡಿ ಹೇಳುವಾಗ ನಾವೂ ಗೊತ್ತಿಲ್ಲದೆ ಇದೇ ಚರಿತ್ರೆಯ ಎರಡು ಮೆಟ್ಟಿಲುಗಳನ್ನು ಹೆಸರಿಸುತ್ತೇವೆ. ಡಬ್ಬಿಯ ಮೇಲಿನ ಡ್ರಾಮ್ ಕೂಡ ಅಂಥದೊಂದು ಹೆಸರು. ಓದಿಕೊಳ್ಳಬೇಕೇ ಹೊರತು, ಅದನ್ನು ನಂಬಿ ಮದ್ದು ಅಳೆಯಬಾರದು.