ದವಡೆ ಬಿಟ್ಟು ಕಿವಿ ಸೇರಿದ ಮೂಳೆಗಳು

ನಮ್ಮ ಮೈಯ ಅತಿ ಚಿಕ್ಕ ಮೂಳೆ ಇರುವುದು ಕಿವಿಯಲ್ಲಿ. ರಿಕಾಪಿನ ಆಕಾರದ ಅದರ ಎತ್ತರ ಸುಮಾರು 3 ಮಿಲಿಮೀಟರ್. ಸುತ್ತಿಗೆ, ಅಡಿಗಲ್ಲು ಎಂಬ ಮೂಳೆಗಳು ಅದರ ಜೊತೆಗಾರರು. ಗಾಳಿಯಲ್ಲಿ ಬಂದ ಸದ್ದು ಒಳಗಿವಿಯ ದ್ರವಕ್ಕೆ ನೇರವಾಗಿ ಬಡಿದರೆ ಬಹುಪಾಲು ಹಿಂದಕ್ಕೇ ಪುಟಿಯುತ್ತದೆ. ಈ ಮೂರು ಮೂಳೆಗಳು ಅಗಲವಾದ ಕಿವಿತಮಟೆಯ ಅದುರನ್ನು ರಿಕಾಪಿನ ಪುಟ್ಟ ಪಾದಕ್ಕೆ ತಂದು, ಒತ್ತಡವನ್ನು ಸುಮಾರು 20 ಪಟ್ಟು ಹೆಚ್ಚಿಸಿ ಒಳಗೆ ದಾಟಿಸುತ್ತವೆ. ಪಿಸುಮಾತು ಕೇಳುವುದು ಹಾಗೆ.

ಒಳಗಿವಿ ಬಹಳ ಹಳೆಯದು. ಕೂದಲಿನಂಥ ಎಳೆಗಳಿರುವ ಅದರ ಜೀವಕೋಶಗಳು ಮೀನುಗಳಲ್ಲೂ ಇವೆ. ಮೀನಿನ ಪಕ್ಕೆಯ ಗೆರೆಯಲ್ಲಿ ಅವು ನೀರಿನ ಅಲುಗಾಟವನ್ನು ತಿಳಿಯುತ್ತವೆ, ತಲೆಯೊಳಗೆ ಸಮತೋಲವನ್ನೂ ಸದ್ದನ್ನೂ ನೋಡಿಕೊಳ್ಳುತ್ತವೆ. ಹೊಸದಾಗಿ ಬಂದದ್ದು ಆ ಮೂರು ಮೂಳೆಗಳ ಸರಪಳಿ.

ಅದರ ಗುಟ್ಟನ್ನು 1837ರಲ್ಲಿ ಹಿಡಿದವನು ಜರ್ಮನಿಯ ಅಂಗರಚನಾ ತಜ್ಞ ಕಾರ್ಲ್ ರೈಕರ್ಟ್. ಹಂದಿಯ ಭ್ರೂಣಗಳನ್ನು ಕೊಯ್ದು ನೋಡುತ್ತಿದ್ದ ಅವನಿಗೆ, ಸುತ್ತಿಗೆ ಮತ್ತು ಅಡಿಗಲ್ಲು ಮೂಡುವ ಜಾಗವೂ ಸರೀಸೃಪಗಳ ದವಡೆಯ ಕೀಲಿನ ಎರಡು ಮೂಳೆಗಳು ಮೂಡುವ ಜಾಗವೂ ಒಂದೇ ಎಂದು ಹೊಳೆಯಿತು. ಜೀವವಿಕಾಸವನ್ನು ವಿವರಿಸಿದ ಡಾರ್ವಿನ್ ಪುಸ್ತಕ ಹೊರಬರಲು ಇನ್ನೂ 22 ವರ್ಷ ಬಾಕಿಯಿತ್ತು! ರಿಕಾಪಿನದು ಇನ್ನೂ ಹಳೆಯ ಕತೆ: ಮೀನುಗಳಲ್ಲಿ ಅದು ದವಡೆಗೆ ಆಸರೆ ಕೊಡುವ ಮೂಳೆ.

ಆದರೆ ದವಡೆಯ ಕೀಲೇ ಕಿವಿಗೆ ಹೊರಟರೆ ನಡುಗಾಲದ ಪ್ರಾಣಿ ಅಗಿಯುವುದು ಹೇಗೆ? ಒಳ್ಳೆಯ ಆಕ್ಷೇಪಣೆಯೇ. ಉತ್ತರ ಕೊಟ್ಟದ್ದು ವೇಲ್ಸ್‌ನಲ್ಲಿ ಸಿಕ್ಕ ಪಳೆಯುಳಿಕೆ ಮಾರ್ಗನುಕೊಡಾನ್. ಸುಮಾರು 20 ಕೋಟಿ ವರ್ಷ ಹಿಂದಿನ, ಮೂಗಿಲಿಯಷ್ಟಿದ್ದ ಈ ಜೀವಿಗೆ ಅಕ್ಕಪಕ್ಕದಲ್ಲೇ ಎರಡು ಕೀಲುಗಳಿದ್ದವು, ಹಳೆಯದೊಂದು, ಹೊಸದೊಂದು. ಅಗಿಯುವ ಭಾರ ಹೊಸದಕ್ಕೆ ಸರಿದಂತೆ ಹಳೆಯ ಮೂಳೆಗಳು ಹಗುರಾದವು. ಅದುರನ್ನು ಸಾಗಿಸುವುದು ದವಡೆಗೆ ಅಪರಿಚಿತ ಕೆಲಸವೂ ಅಲ್ಲ. ಕಿವಿತಮಟೆಯಿಲ್ಲದ ಹಾವು ಇಂದಿಗೂ ನೆಲದ ಕಂಪನವನ್ನು ಕೆಳದವಡೆಯ ಮೂಲಕವೇ ಒಳಗಿವಿಗೆ ಮುಟ್ಟಿಸುತ್ತದೆ.

2007ರಲ್ಲಿ ಚೀನಾದಿಂದ ವರದಿಯಾದ ಯಾನೊಕೊನೊಡಾನ್ ಎಂಬ ಪಳೆಯುಳಿಕೆ ಮುಂದಿನ ಹಂತವನ್ನು ತೋರಿಸಿತು. ಅದರಲ್ಲಿ ಕಿವಿಯ ಮೂಳೆಗಳು ಪುಟ್ಟವಾಗಿವೆ, ಆದರೆ ದವಡೆಯ ನಂಟು ಕಡಿದಿಲ್ಲ. ನನ್ನ ಮಟ್ಟಿಗೆ ಪಳೆಯುಳಿಕೆಗಳಿಗಿಂತ ಗಟ್ಟಿ ಸಾಕ್ಷಿ ಒಪೋಸಮ್ ಎಂಬ ಸಸ್ತನಿಯ ಮರಿ. ಹುಟ್ಟಿದಾಗ ಅದಕ್ಕೆ ಹೊಸ ಕೀಲು ಇನ್ನೂ ಕೂಡಿರುವುದಿಲ್ಲ. ಮುಂದೆ ಕಿವಿಗೆ ಸೇರಬೇಕಾದ ಮೂಳೆಗಳು ದವಡೆಗೇ ಅಂಟಿಕೊಂಡಿರುತ್ತವೆ, ಬೆಳೆದಂತೆ ಬಿಡಿಸಿಕೊಳ್ಳುತ್ತವೆ. ಮನುಷ್ಯ ಭ್ರೂಣದಲ್ಲೂ ಸುತ್ತಿಗೆ ಮೊದಲು ಕೆಳದವಡೆಯ ಮೃದ್ವಸ್ಥಿಯ ತುದಿಯೇ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿಗೆ ಸಿಗುವುದು ಹೊಸ ಕೀಲು. ಹಳೆಯದು ಅದರ ಹಿಂದೆಯೇ, ಒಳಗಿದೆ.